ಇ-ಸಿಗರೇಟಿನ ಆವಿ ಮತ್ತು ಎಳೆಯ ಹೃದಯ

ನಿಕೋಟಿನ್ ಬೆರೆತ ದ್ರವವನ್ನು ಬ್ಯಾಟರಿಯ ನೆರವಿನಿಂದ ಕಾಯಿಸಿ, ಅದರ ಆವಿಯನ್ನು ಸೇದುವುದಕ್ಕೆ ವೇಪಿಂಗ್ ಎನ್ನುತ್ತಾರೆ. ಪೆನ್ನು ಅಥವಾ ಪೆನ್‌ಡ್ರೈವ್‌ನಂತೆ ಕಾಣುವ ಇ-ಸಿಗರೇಟ್ ಎಂಬ ಸಾಧನದಲ್ಲಿ ತಂಬಾಕು ಉರಿಯುವುದಿಲ್ಲವಾದ್ದರಿಂದ ಅಪಾಯವಿಲ್ಲವೆಂಬ ನಂಬಿಕೆ ಹಲವು ಯುವಕರಲ್ಲಿದ್ದರೂ, ಅದು ಸರಿಯಲ್ಲ.

ನಿಕೋಟಿನ್ ಕೆಲವೇ ನಿಮಿಷಗಳಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನಿನ ಸ್ರಾವವನ್ನು ಹೆಚ್ಚಿಸಿ, ಹೃದಯಬಡಿತವನ್ನು ತೀವ್ರಗೊಳಿಸಿ, ರಕ್ತನಾಳಗಳನ್ನು ಕುಗ್ಗಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ಆವಿಯಲ್ಲಿನ ಸೂಕ್ಷ್ಮ ಕಣಗಳು ಮತ್ತು ರಾಸಾಯನಿಕಗಳು ರಕ್ತನಾಳದ ಒಳಪದರಕ್ಕೆ ಹಾನಿ ಮಾಡುವುದರಿಂದ, ಅಗತ್ಯಕ್ಕೆ ತಕ್ಕಂತೆ ಹಿಗ್ಗುವ ನಾಳದ ಶಕ್ತಿ ತಗ್ಗುತ್ತದೆ. ಮಿದುಳಿನ ಬೆಳವಣಿಗೆ ಸುಮಾರು 25ನೆಯ ವಯಸ್ಸಿನವರೆಗೂ ನಡೆಯುವುದರಿಂದ ಹದಿಹರೆಯದವರಿಗೆ ಚಟ ಬೇಗ ಅಂಟುತ್ತದೆ. ಚಟ ಬಿಡದಿದ್ದರೆ ಹೃದಯದ ಮೇಲಿನ ಹೊರೆ ವರ್ಷಗಟ್ಟಲೆ ಉಳಿಯುತ್ತದೆ.

ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯು ತಯಾರಿಕೆ, ಮಾರಾಟ, ಜಾಹೀರಾತುಗಳನ್ನು ದೇಶದಾದ್ಯಂತ ತಡೆದು, ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಕಾಯ್ದೆಯೊಂದೇ ಸಾಲದು. ಕರ್ನಾಟಕದ ಜಮಖಂಡಿ, ಮುಧೋಳ, ಬೀಳಗಿಯಂಥ ಊರುಗಳ ಕಬ್ಬು ಬೆಳೆಗಾರರ ಮನೆಗಳಲ್ಲಿಯೂ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿಯೂ ಪಾಲಕರು, ಶಿಕ್ಷಕರು ಮಕ್ಕಳೊಡನೆ ಇ-ಸಿಗರೇಟಿನ ಬಗ್ಗೆ ಮುಕ್ತವಾಗಿ ಮಾತನಾಡಬೇಕು. ಚಟ ಬಿಡಬಯಸುವವರು ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬೇಕು.