ಲಿಡಿಯಾ ಎಂದರೆ ಏನು ಅರ್ಥ?



ಒಂದು ಸಂಘದ ಸಭೆಗೆ ನಾವು ಹೋಗಿದ್ದಾಗ ಹಾಜರಿ ಕೂಗುತ್ತಿದ್ದರು. ಲಿಡಿಯಾ ಎಂಬ ಹೆಸರು ಬಂತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ಇದೆಂಥ ಹೆಸರು ಸಿಸ್ಟರ್? ಅರ್ಥ ಏನು?" ಎಂದು ಕೇಳಿದರು. ಲಿಡಿಯಾ ಅವರಿಗೂ ಗೊತ್ತಿರಲಿಲ್ಲ. "ಅಪ್ಪ ಇಟ್ಟದ್ದು, ಅಷ್ಟೇ" ಅಂದರು.

ಇದು ಗ್ರೀಕ್ ಭಾಷೆಯಿಂದ ಬಂದ ಹೆಸರು. ಲಿಡಿಯಾ ಎಂಬುದು ಮೊದಲು ಒಂದು ನಾಡಿನ ಹೆಸರು. ಅದು ಇಂದಿನ ಟರ್ಕಿ ದೇಶದ ಪಶ್ಚಿಮ ಭಾಗದಲ್ಲಿತ್ತು. ಹೆಂಗಸಿಗೆ ಈ ಹೆಸರಿಟ್ಟರೆ 'ಲಿಡಿಯಾ ನಾಡಿನವಳು' ಎಂದು ಅರ್ಥ. ನಮ್ಮಲ್ಲೂ ಸೊಸೆಯನ್ನು ಅವಳ ತವರೂರಿನ ಹೆಸರು ಹಿಡಿದು ಗುರುತಿಸುತ್ತಾರಲ್ಲ, ಹಾಗೆ.

ಹಣ ಉಳಿತಾಯ ಮಾಡುವ ನಮಗೆ ಇನ್ನೊಂದು ಸಂಗತಿ ಇಷ್ಟವಾಗಬಹುದು. ಲೋಕದ ಅತಿ ಹಳೆಯ ನಾಣ್ಯಗಳು ಸುಮಾರು 2600 ವರ್ಷಗಳ ಹಿಂದೆ ಆ ನಾಡಿನಲ್ಲೇ ತಯಾರಾದವು. ಚಿನ್ನ ಬೆಳ್ಳಿ ಬೆರೆತ ಲೋಹ, ಮೇಲೆ ಸಿಂಹದ ತಲೆಯ ಗುರುತು.

ಈ ಹೆಸರನ್ನು ಪ್ರಸಿದ್ಧಿಗೆ ತಂದವಳು ಬೈಬಲಿನ ಲಿಡಿಯಾ. ಅವಳ ಊರು ಥುವತೈರ. ಅಲ್ಲಿ ಸಿಕ್ಕಿರುವ ಶಾಸನಗಳಲ್ಲಿ ಬಣ್ಣ ಹಾಕುವವರು, ಕುಂಬಾರರು, ಚರ್ಮದ ಕೆಲಸದವರು ಕಟ್ಟಿಕೊಂಡಿದ್ದ ಸಂಘಗಳ ಹೆಸರುಗಳಿವೆ. ಲಿಡಿಯಾ ಗ್ರೀಸಿನ ಫಿಲಿಪ್ಪಿ ಪಟ್ಟಣದಲ್ಲಿದ್ದು ನೇರಳೆ ಬಣ್ಣದ ಬಟ್ಟೆಯ ವ್ಯಾಪಾರ ಮಾಡುತ್ತಿದ್ದಳು. ಆ ಕಾಲದಲ್ಲಿ ನೇರಳೆ ಬಟ್ಟೆ ಬಹಳ ದುಬಾರಿ. ಹೊಳೆಯ ದಡದಲ್ಲಿ ಸೇರಿದ್ದ ಹೆಂಗಸರ ನಡುವೆ ಸಂತ ಪೌಲರು ಅವಳನ್ನು ಕಂಡರು. ಅವಳು ಅವರನ್ನು ತನ್ನ ಮನೆಗೇ ಕರೆದು ಉಪಚರಿಸಿದಳು.

ಇಲ್ಲಿ ಒಂದು ಮಾತು ಗಮನಿಸಿ. ಅವಳು ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ಬರೆದದ್ದು ಅವಳ ಹೆಸರು, ಅವಳ ಊರು, ಅವಳ ಕಸುಬು, ಅವಳ ಮನೆ.

ಇದನ್ನೆಲ್ಲ ಹೇಳಿದಾಗ ಲಿಡಿಯಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೊಲಿಗೆ ಮೆಷಿನ್ ಸಾಲ ಕಟ್ಟುವುದು ನಾನೇ ಸಿಸ್ಟರ್. ಅಂಗಡಿಯ ಲೈಸೆನ್ಸ್ ಮಾತ್ರ ಯಜಮಾನರ ಹೆಸರಲ್ಲಿದೆ" ಅಂದರು. "ನಮ್ಮದೂ ಅಷ್ಟೇ, ಹಸು ಸಾಕುವುದು ನಾನು, ಡೈರಿ ಪುಸ್ತಕದಲ್ಲಿ ಅವರ ಹೆಸರು" ಎಂದು ಇನ್ನೊಬ್ಬರು ದನಿಗೂಡಿಸಿದರು.

ದುಡಿಮೆ ನಿಮ್ಮದಾದರೆ ಕಾಗದದಲ್ಲೂ ನಿಮ್ಮ ಹೆಸರಿರಬೇಕು. ಸಾಲ ಕೇಳುವಾಗ, ಕಷ್ಟಕಾಲ ಬಂದಾಗ ನೋಡುವುದು ಆ ಕಾಗದವನ್ನೇ. ಮುಂದಿನ ಸಭೆಗೆ ನಿಮ್ಮ ಪಾಸ್‌ಬುಕ್, ಡೈರಿ ಪುಸ್ತಕ, ಮನೆಪತ್ರ ತನ್ನಿ. ನಿಮ್ಮ ಹೆಸರು ಎಲ್ಲಿದೆ, ಎಲ್ಲಿಲ್ಲ ಎಂದು ಒಟ್ಟಿಗೆ ಕೂತು ನೋಡೋಣ.