ಮೆಕ್ಸಿಕೋದ ಮಡಿಸಿದ ರೊಟ್ಟಿ

ಬೆಂಗಳೂರಿನ ಕೆಲವು ಹೋಟೆಲುಗಳ ತಿಂಡಿಯ ಪಟ್ಟಿಯಲ್ಲಿ ‘ಕೆಸಾದಿಯಾ’ ಎಂಬ ಹೆಸರು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಇಂಗ್ಲಿಷ್ ಅಕ್ಷರಗಳನ್ನು ನೋಡಿ ‘ಕ್ವೆಸಡಿಲ್ಲಾ’ ಎಂದು ಓದುವವರುಂಟು. ಸ್ಪ್ಯಾನಿಷ್ ಭಾಷೆಯಲ್ಲಿ ಚೀಸಿಗೆ ‘ಕೇಸೊ’ ಎನ್ನುತ್ತಾರೆ. ಆ ಮಾತಿನಿಂದ ಬಂದ ಹೆಸರಿದು. ಮೆಕ್ಸಿಕೋದವರ ಉಚ್ಚಾರಣೆಯಲ್ಲಿ ಎರಡು ‘ಲ’ಕಾರ ಕೂಡಿದರೆ ‘ಯ’ಕಾರವಾಗುತ್ತದೆ. ಪದಾರ್ಥವೇನೋ ಸರಳವಾದದ್ದು. ರೊಟ್ಟಿಯ ಮೇಲೆ ಚೀಸನ್ನೋ ಪಲ್ಯವನ್ನೋ ಇಟ್ಟು, ಅರ್ಧಚಂದ್ರಾಕಾರವಾಗಿ ಮಡಿಸಿ, ಹೆಂಚಿನ ಮೇಲೆ ಬೇಯಿಸಿದರಾಯಿತು.

ಆ ರೊಟ್ಟಿಯ ವಿಚಾರವನ್ನು ಮೊದಲು ನೋಡೋಣ. ಅದರ ಹೆಸರು ಟೋರ್ಟಿಯಾ. ಅದು ಮುಸುಕಿನ ಜೋಳದ್ದು. ಉತ್ತರ ಕರ್ನಾಟಕದವರು ಗೋವಿನ ಜೋಳ ಎನ್ನುವರಲ್ಲ, ಅದೇ. ಈ ಬೆಳೆಯ ತವರೇ ಮೆಕ್ಸಿಕೋ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿನ ಜನ ತಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಇದನ್ನು ಸಾಗುವಳಿಗೆ ತಂದರು. ಒಣಕಾಳನ್ನು ಹಾಗೆಯೇ ಬೀಸುವ ಪದ್ಧತಿ ಅವರದಲ್ಲ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಬಿಟ್ಟು, ಬೆಳಗ್ಗೆ ತೊಳೆದರೆ ಸಿಪ್ಪೆ ಕಳಚಿಕೊಳ್ಳುತ್ತದೆ. ಅದನ್ನು ಕಲ್ಲಿನ ಮೇಲೆ ಅರೆದರೆ ಮೃದುವಾದ ಕಣಕ ಸಿದ್ಧ. ಬರಿಯ ಜೋಳದ ಹಿಟ್ಟು ಅಷ್ಟಾಗಿ ಅಂಟುವುದಿಲ್ಲ. ಸುಣ್ಣ ಕಂಡದ್ದು ತಟ್ಟಿದಂತೆಲ್ಲ ತೆಳುವಾಗುತ್ತದೆ.

ಸುಣ್ಣದ ಗುಣ ಇಷ್ಟಕ್ಕೇ ಮುಗಿಯಲಿಲ್ಲ. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಬಿಗಿದುಕೊಂಡಿರುತ್ತದೆ. ಸುಣ್ಣವು ಅದನ್ನು ಬಿಡಿಸಿ ಮೈಗೆ ಹತ್ತುವಂತೆ ಮಾಡುತ್ತದೆ. ಸ್ಪೇನಿನವರು ಜೋಳವನ್ನು ಯೂರೋಪಿಗೆ ಒಯ್ದರು, ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. ಜೋಳವನ್ನೇ ನಂಬಿದ ಉತ್ತರ ಇಟಲಿಯ ಬಡ ರೈತರು, ಮುಂದೆ 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳ ಬಡವರು, ಪೆಲಾಗ್ರ ರೋಗಕ್ಕೆ ತುತ್ತಾದರು. ಚರ್ಮ ಒಡೆಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ, ಮರಣ. ಅದು ಸೋಂಕಲ್ಲ, ಆಹಾರದ ಕೊರತೆ ಎಂಬುದನ್ನು 1914ರಿಂದ ಮುಂದಿನ ವರ್ಷಗಳಲ್ಲಿ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟರು. ಮೆಕ್ಸಿಕೋದ ಗೃಹಿಣಿಯರು ನಯಾಸಿನ್ನಿನ ಹೆಸರೇ ಕೇಳದೆ ಮನೆಮಂದಿಯನ್ನು ಕಾಪಾಡುತ್ತ ಬಂದಿದ್ದರು.

ಇನ್ನು ಚೀಸ್. 1521ರಲ್ಲಿ ಸ್ಪೇನಿನವರು ಆಜ್ಟೆಕರ ರಾಜಧಾನಿಯನ್ನು ಗೆದ್ದುಕೊಳ್ಳುವ ಮುನ್ನ ಆ ನಾಡಿನಲ್ಲಿ ಹಸುವೂ ಇಲ್ಲ, ಮೇಕೆಯೂ ಇಲ್ಲ. ಕರೆಯುವ ದನವಿಲ್ಲದಲ್ಲಿ ಚೀಸೆಲ್ಲಿಂದ ಬರಬೇಕು! ರೊಟ್ಟಿ ಹಳೆಯದು, ಚೀಸ್ ಹೊಸದು. ಇದರ ಜೊತೆಗೆ ಒಂದು ಸ್ವಾರಸ್ಯವಾದ ತಕರಾರೂ ಇದೆ. ಮೆಕ್ಸಿಕೋ ನಗರದಲ್ಲಿ ಕೆಸಾದಿಯಾ ಕೇಳಿದರೆ ಮಾರುವಾಕೆ, “ಚೀಸ್ ಹಾಕಲೋ, ಬೇಡವೋ?” ಎನ್ನುತ್ತಾಳೆ. ಅಲ್ಲಿ ಕುಂಬಳದ ಹೂ, ಅಣಬೆ, ಆಲೂಗೆಡ್ಡೆ, ಕಡೆಗೆ ಕಾಡಿಗೆ ರೋಗ ತಗುಲಿ ಕಪ್ಪಾಗಿ ಊದಿಕೊಂಡ ಜೋಳದ ಕಾಳು ಕೂಡ ಹೂರಣವಾಗುತ್ತದೆ. ಹೊಲದ ರೋಗ ಅಲ್ಲಿ ಭೋಜನದ ಸವಿ! ಬೇರೆ ಪ್ರಾಂತ್ಯದವರು, ಚೀಸಿಲ್ಲದೆ ಕೆಸಾದಿಯಾ ಎಂಥದು ಎಂದು ನಗುತ್ತಾರೆ. ನನಗಂತೂ ರಾಜಧಾನಿಯವರ ಮೇಲೆ ಕೋಪ ಬಾರದು. ನಮ್ಮ ‘ಎಣ್ಣೆ’ ಎಂಬ ಮಾತು ಹುಟ್ಟಿದ್ದು ಎಳ್ಳಿನಿಂದ. ಆದರೂ ಕೊಬ್ಬರಿ ಎಣ್ಣೆ ಎನ್ನುವಾಗ ಎಳ್ಳೆಲ್ಲಿ ಎಂದು ಯಾರೂ ಕೇಳುವುದಿಲ್ಲ.

ಉತ್ತರದ ಸೊನೋರ, ಚಿವಾವ ಸೀಮೆಗಳಲ್ಲಿ ಗೋಧಿಯ ಟೋರ್ಟಿಯಾ ಹೆಚ್ಚು. ಚಿವಾವದಲ್ಲಿ 1922ರಿಂದ ಬಂದು ನೆಲಸಿದ ಮೆನೊನೈಟ್ ಪಂಥದವರು ಮಾಡುವ ಚೀಸ್ ಚೆನ್ನಾಗಿ ಕರಗುವುದೆಂದು ಹೆಸರುವಾಸಿ. ಈ ಗೋಧಿಯ ಬಗೆಯೇ ಗಡಿ ದಾಟಿ ಅಮೆರಿಕದಲ್ಲಿ ಕೋಳಿಮಾಂಸ ತುಂಬಿಸಿಕೊಂಡು, ತ್ರಿಕೋನಾಕಾರವಾಗಿ ಕತ್ತರಿಸಲ್ಪಟ್ಟು ಲೋಕಕ್ಕೆಲ್ಲ ಹಬ್ಬಿತು. ನಮ್ಮ ಹೋಟೆಲುಗಳಿಗೆ ಬಂದಿರುವುದೂ ಬಹುಮಟ್ಟಿಗೆ ಇದೇ.

ತವರಿನಲ್ಲಿಯೂ ಕಾಲ ಬದಲಾಗಿದೆ. ಕಾಳು ನೆನೆಸುವ ಮನೆಗಳು ಕಡಿಮೆಯಾಗಿ, ಕಾರ್ಖಾನೆಯ ಒಣಹಿಟ್ಟಿನ ಚೀಲ ಬಂದಿದೆ. 1994ರ ವ್ಯಾಪಾರ ಒಪ್ಪಂದದ ಮೇಲೆ ಅಮೆರಿಕದ ಅಗ್ಗದ ಜೋಳ ಹೆಚ್ಚಾಗಿ ಬಂದು, ಕೆಂಪು, ನೀಲಿ, ಬಿಳಿ ಎಂದು ಹತ್ತಾರು ಬಗೆಯ ನಾಡತಳಿ ಬೆಳೆಯುವ ಸಣ್ಣ ರೈತನಿಗೆ ಬೆಲೆ ಗಿಟ್ಟುವುದು ಕಷ್ಟವಾಯಿತು. ಯುನೆಸ್ಕೋ 2010ರಲ್ಲಿ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2025ರಲ್ಲಿ ಆ ದೇಶ, ಕುಲಾಂತರಿ ಜೋಳದ ಬಿತ್ತನೆ ಕೂಡದೆಂದು ಸಂವಿಧಾನದಲ್ಲಿಯೇ ಬರೆದುಕೊಂಡಿತು.

ಮನೆಯಲ್ಲಿ ಮಾಡಿ ನೋಡುವ ಆಸೆಯಿದ್ದವರಿಗೆ ಉತ್ತರದ ಬಗೆಯೇ ಸುಲಭ. ತೆಳುವಾದ ಚಪಾತಿಯ ಅರ್ಧಭಾಗಕ್ಕೆ ತುರಿದ ಚೀಸು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ ಹರಡಿ ಮಡಿಸಿರಿ. ಮೆಣಸಿನಕಾಯಿಯೂ ಆ ಖಂಡದಿಂದಲೇ ಪೋರ್ಚುಗೀಸರ ಮೂಲಕ ನಮಗೆ ಬಂದದ್ದು. ಉರಿ ಸಣ್ಣಗಿರಲಿ, ಚೀಸು ಕರಗುವ ಮೊದಲೇ ಚಪಾತಿ ಸೀದುಹೋದೀತು.