ರೋಗಿ ಹೇಳಿದ ಒಂದು ಮಾತು: ಪಾರ್ಶ್ವವಾಯು ತಜ್ಞನೊಬ್ಬ ರೂಪುಗೊಳ್ಳುವ ಬಗೆ



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಯಾರಿಗಾದರೂ ಲಕ್ವ ಹೊಡೆದದ್ದನ್ನು ನೀವು ಕಂಡಿರಬಹುದು. ರಾತ್ರಿ ಊಟ ಮಾಡಿ ಚೆನ್ನಾಗಿಯೇ ಮಲಗಿದ ಅಜ್ಜ ಬೆಳಿಗ್ಗೆ ಏಳುವಾಗ ಎಡಗೈ ಎತ್ತಲಾರರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿರುತ್ತದೆ, ಮಾತು ತೊದಲುತ್ತದೆ. ಇದನ್ನೇ ವೈದ್ಯರು ಪಾರ್ಶ್ವವಾಯು ಅಥವಾ ಸ್ಟ್ರೋಕ್ ಎನ್ನುತ್ತಾರೆ.

ಈ ಒಂದು ರೋಗವನ್ನೇ ಜೀವಮಾನದ ಅಧ್ಯಯನವನ್ನಾಗಿ ಮಾಡಿಕೊಂಡ ನರರೋಗ ತಜ್ಞರಿದ್ದಾರೆ. ಅಂಥ ತಜ್ಞರಾಗಲು ಏನು ಓದಬೇಕು? ಎಷ್ಟು ವರ್ಷ ಬೇಕು? ಓದು ಮುಗಿದ ಮೇಲೆ ಮಾಡುವ ಕೆಲಸವೇನು? ಪದವಿಗಳ ಪಟ್ಟಿ ಕೊಟ್ಟರೆ ಈ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕೀತು. ಉಳಿದ ಅರ್ಧ ತಿಳಿಯಬೇಕಾದರೆ ಒಬ್ಬ ವೈದ್ಯರ ಬದುಕನ್ನೇ ನೋಡಬೇಕು. ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳಗಿದ ಡಾ. ಚಾರ್ಲ್ಸ್ ಮಿಲ್ಲರ್ ಫಿಶರ್ ಅಂಥವರು. ಇಂದಿನ ಪಾರ್ಶ್ವವಾಯು ಚಿಕಿತ್ಸೆಯ ಹಲವು ತಿಳಿವಳಿಕೆಗಳು ಅವರಿಂದ ಬಂದವು.

ಮಿದುಳಿಗೆ ರಕ್ತದ ದಾರಿ

ಅವರ ಕಥೆಗೆ ಮೊದಲು ಸ್ವಲ್ಪ ಶರೀರಶಾಸ್ತ್ರ. ನಮ್ಮ ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಭಾಗ. ಆದರೆ ನಾವು ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ನೂರಕ್ಕೆ 20 ಭಾಗ ಅದಕ್ಕೇ ಬೇಕು. ಈ ಆಮ್ಲಜನಕವನ್ನು ಹೊತ್ತ ರಕ್ತ ಕುತ್ತಿಗೆಯ ನಾಲ್ಕು ಅಪಧಮನಿಗಳ ಮೂಲಕ ಮೇಲೇರುತ್ತದೆ. ಮುಂಭಾಗದಲ್ಲಿ ಎರಡು, ಹಿಂಭಾಗದಲ್ಲಿ ಬೆನ್ನುಮೂಳೆಯ ಆಸರೆಯಲ್ಲಿ ಎರಡು. ಮುಂಭಾಗದವುಗಳಿಗೆ ಕ್ಯಾರೊಟಿಡ್ ಅಪಧಮನಿಗಳೆಂದು ಹೆಸರು. ಗಂಟಲಿನ ಪಕ್ಕದಲ್ಲಿ ಬೆರಳಿಟ್ಟರೆ ನಾಡಿ ಮಿಡಿಯುವುದು ನಿಮಗೇ ತಿಳಿಯುತ್ತದೆ.

ಈ ದಾರಿ ಎಲ್ಲಾದರೂ ಮುಚ್ಚಿದರೆ ಆಚೆಗಿನ ಮಿದುಳಿನ ಭಾಗ ಉಸಿರುಗಟ್ಟಿದಂತೆ ಸಾಯತೊಡಗುತ್ತದೆ. ಕೆಲವೊಮ್ಮೆ ರಕ್ತನಾಳ ಒಡೆದು ರಕ್ತಸ್ರಾವವಾಗುವುದೂ ಉಂಟು. ಇವೆರಡೂ ಪಾರ್ಶ್ವವಾಯುವೇ. ಇನ್ನೊಂದು ಸಂಗತಿ ನೆನಪಿಡಿ. ಮಿದುಳಿನ ಬಲಭಾಗ ದೇಹದ ಎಡಭಾಗವನ್ನು ನಡೆಸುತ್ತದೆ, ಎಡಭಾಗ ಬಲವನ್ನು ನಡೆಸುತ್ತದೆ. ಈ ಅಡ್ಡದಾರಿಯೇ ಮುಂದೆ ಬರುವ ಒಗಟಿನ ಮೂಲ.

ಸೆರೆಯಲ್ಲಿ ಕಳೆದ ಮೂರೂವರೆ ವರ್ಷ

ಫಿಶರ್ 1913ರ ಡಿಸೆಂಬರ್‌ನಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದ ವಾಟರ್‌ಲೂ ಎಂಬ ಊರಿನಲ್ಲಿ ಹುಟ್ಟಿದರು. ಟೊರಾಂಟೊ ವಿಶ್ವವಿದ್ಯಾಲಯದಿಂದ 1938ರಲ್ಲಿ ವೈದ್ಯ ಪದವಿ ಪಡೆದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಅವರು ಕೆನಡಾದ ನೌಕಾಪಡೆಗೆ ವೈದ್ಯರಾಗಿ ಸೇರಿ, ಅಲ್ಲಿಂದ ಬ್ರಿಟಿಷ್ ಹಡಗು ವೋಲ್ಟೇರ್‌ಗೆ ನಿಯೋಜಿತರಾದರು. 1941ರ ಏಪ್ರಿಲ್‌ನಲ್ಲಿ ಜರ್ಮನ್ ಯುದ್ಧನೌಕೆಯೊಂದು ಅಟ್ಲಾಂಟಿಕ್ ಸಾಗರದಲ್ಲಿ ಆ ಹಡಗನ್ನು ಮುಳುಗಿಸಿತು. ನೀರಿನಿಂದ ಮೇಲೆತ್ತಲ್ಪಟ್ಟ ಫಿಶರ್ ಯುದ್ಧಕೈದಿಯಾದರು. ಸುಮಾರು ಮೂರೂವರೆ ವರ್ಷ ಅವರು ಜರ್ಮನಿಯ ಸೆರೆಶಿಬಿರದಲ್ಲಿ ಕಳೆದರು.

ಯೋಚಿಸಿ ನೋಡಿ. ಓದಿನಲ್ಲಿ ಒಂದು ವರ್ಷ ಹಿಂದೆ ಬಿದ್ದರೆ ನಾವು ಎಷ್ಟು ಕಂಗಾಲಾಗುತ್ತೇವೆ! ಜೊತೆಯವರು ಮುಂದೆ ಹೋದರು, ನಮ್ಮ ಬಾಳು ಇಷ್ಟೇ ಎಂದು ಕೈಚೆಲ್ಲುತ್ತೇವೆ. ಫಿಶರ್ ಅವರಿಗೆ ವೃತ್ತಿಯ ಮುಖ್ಯ ವರ್ಷಗಳೇ ಬೇಲಿಯ ಹಿಂದೆ ಕಳೆದುಹೋದವು. ಬಿಡುಗಡೆಯಾಗಿ ಬಂದಾಗ ಅವರ ವಯಸ್ಸು ಮೂವತ್ತು ದಾಟಿತ್ತು.

ಮತ್ತೆ ವಿದ್ಯಾರ್ಥಿ

ಅವರು ಮತ್ತೆ ಕಲಿಯಲು ಕುಳಿತರು. ಮಾಂಟ್ರಿಯಲ್ ನಗರದಲ್ಲಿ, ಹೆಸರಾಂತ ನರಶಸ್ತ್ರತಜ್ಞ ವೈಲ್ಡರ್ ಪೆನ್‌ಫೀಲ್ಡ್ ಕಟ್ಟಿದ್ದ ನರವಿಜ್ಞಾನ ಸಂಸ್ಥೆಯಲ್ಲಿ ತರಬೇತಿ ಪಡೆದರು. ಆಮೇಲೆ 1949ರಲ್ಲಿ ಬಾಸ್ಟನ್ ನಗರಕ್ಕೆ ಹೋಗಿ ಡಾ. ರೇಮಂಡ್ ಆಡಮ್ಸ್ ಅವರ ಬಳಿ ಮಿದುಳಿನ ರೋಗಲಕ್ಷಣಶಾಸ್ತ್ರ ಕಲಿತರು. ಎಂದರೆ, ತೀರಿಕೊಂಡ ರೋಗಿಗಳ ಮಿದುಳನ್ನು ಶವಪರೀಕ್ಷೆಯಲ್ಲಿ ತೆಗೆದು, ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಎಲ್ಲಿತ್ತು, ಹೇಗಿತ್ತು ಎಂದು ತಿಳಿಯುವ ವಿದ್ಯೆ.

ಆ ಕಾಲದಲ್ಲಿ ಸಿ.ಟಿ. ಸ್ಕ್ಯಾನ್ ಇರಲಿಲ್ಲ. ರೋಗಿಯೊಬ್ಬರ ಮಿದುಳಿನ ಮೊದಲ ಸಿ.ಟಿ. ಚಿತ್ರ ತೆಗೆದದ್ದು 1971ರಲ್ಲಿ, ಲಂಡನ್ನಿನಲ್ಲಿ. ಅದಕ್ಕೆ ಮೊದಲು ವೈದ್ಯರಿಗೆ ಇದ್ದದ್ದು ಮುಖ್ಯವಾಗಿ ಎರಡು ದಾರಿ: ಬದುಕಿರುವಾಗ ರೋಗಿಯ ಮಾತನ್ನು ಕೇಳಿ ದೇಹವನ್ನು ಪರೀಕ್ಷಿಸುವುದು, ಸತ್ತ ಮೇಲೆ ಅಂಗಾಂಗವನ್ನು ನೋಡುವುದು. ಫಿಶರ್ ಎರಡನ್ನೂ ಒಂದೇ ಶ್ರದ್ಧೆಯಿಂದ ಮಾಡಿದರು. ಹಾಸಿಗೆಯ ಪಕ್ಕದಲ್ಲಿ ಕಂಡದ್ದನ್ನು ಶವಪರೀಕ್ಷೆಯ ಮೇಜಿನವರೆಗೂ ಅವರು ಬೆನ್ನಟ್ಟುತ್ತಿದ್ದರು.

ಹೊಂದದ ಕಣ್ಣು

ಮಾಂಟ್ರಿಯಲ್‌ಗೆ ಮರಳಿದ ಮೇಲೆ ಅವರ ಬಳಿ ಒಬ್ಬ ರೋಗಿ ಬಂದ. ಅವನ ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಇಂಥ ರೋಗಿಗಳನ್ನು ಆಸ್ಪತ್ರೆಯವರು ದಿನವೂ ನೋಡುತ್ತಿದ್ದರು. ಆದರೆ ಫಿಶರ್ ಕುಳಿತು ವಿಚಾರಿಸಿದರು: ಇದಕ್ಕೆ ಮೊದಲು ಏನಾದರೂ ಆಗಿತ್ತೇ? ಆತ ಹೇಳಿದ: ಲಕ್ವ ಹೊಡೆಯುವ ಮೊದಲು ಕೆಲವು ಸಲ ಬಲಗಣ್ಣು ಸ್ವಲ್ಪ ಹೊತ್ತು ಕುರುಡಾಗಿ, ಮತ್ತೆ ಸರಿಹೋಗುತ್ತಿತ್ತು.

ಇಲ್ಲಿ ನೀವೂ ಸ್ವಲ್ಪ ನಿಂತು ಯೋಚಿಸಿ. ಎಡಗೈ ಎಡಗಾಲು ಬಿದ್ದಿವೆ ಎಂದರೆ ಪೆಟ್ಟು ಬಿದ್ದಿರುವುದು ಮಿದುಳಿನ ಬಲಭಾಗಕ್ಕೆ. ಮಿದುಳಿನ ಬಲಭಾಗ ಕೆಟ್ಟರೆ ಎರಡೂ ಕಣ್ಣುಗಳಲ್ಲಿ ಎಡಗಡೆಯ ನೋಟ ಹೋಗಬೇಕು. ಬಲಗಣ್ಣೊಂದೇ ಏಕೆ ಕುರುಡಾಯಿತು? ಮಿದುಳಿನ ಒಂದೇ ಜಾಗದಿಂದ ಇವೆರಡೂ ಆಗಲಾರವು. ರೋಗಿ ಹೇಳಿದ್ದು ತಪ್ಪಿರಬೇಕು ಎಂದು ಬರೆದಿಟ್ಟು ಮುಂದೆ ಹೋಗಬಹುದಾಗಿತ್ತು. ಫಿಶರ್ ಹಾಗೆ ಮಾಡಲಿಲ್ಲ. ರೋಗಿಯ ಮಾತು ಸರಿಯೆಂದೇ ಇಟ್ಟುಕೊಂಡು, ನಮ್ಮ ತಿಳಿವಳಿಕೆ ಎಲ್ಲಿ ತಪ್ಪಿದೆ ಎಂದು ಹುಡುಕಿದರು.

ಉತ್ತರ ಕುತ್ತಿಗೆಯಲ್ಲಿತ್ತು. ಬಲಗಡೆಯ ಕ್ಯಾರೊಟಿಡ್ ಅಪಧಮನಿ ತಲೆಬುರುಡೆಯ ಒಳಗೆ ಹೋದ ಮೇಲೆ ಮೊದಲು ಬಲಗಣ್ಣಿಗೆ ಒಂದು ಕವಲು ಕೊಡುತ್ತದೆ. ಆಮೇಲೆ ಮಿದುಳಿನ ಬಲಭಾಗಕ್ಕೆ ರಕ್ತ ಒದಗಿಸುತ್ತದೆ. ಹಾಗಾದರೆ ಕವಲೊಡೆಯುವುದಕ್ಕೆ ಮೊದಲೇ, ಕೆಳಗೆ ಕುತ್ತಿಗೆಯಲ್ಲಿ ದಾರಿ ಕಟ್ಟಿಕೊಂಡರೆ ಬಲಗಣ್ಣಿಗೂ ತೊಂದರೆ, ಎಡಗೈಗೂ ತೊಂದರೆ! ಊರಿನ ನೀರಿನ ಕೊಳವೆಯ ಮೂಲದಲ್ಲೇ ಕಸ ಸಿಕ್ಕಿದರೆ ಎರಡು ಬೀದಿಗಳ ನಲ್ಲಿಗಳೂ ಒಣಗುವ ಹಾಗೆ.

ಆದರೆ ಊಹೆಗೆ ಸಾಕ್ಷಿ ಬೇಕಲ್ಲ? ಆಗಿನ ಶವಪರೀಕ್ಷೆಗಳಲ್ಲಿ ಮಿದುಳನ್ನು ನೋಡುತ್ತಿದ್ದರು, ಹೃದಯವನ್ನು ನೋಡುತ್ತಿದ್ದರು. ನಡುವಿನ ಕುತ್ತಿಗೆಯನ್ನು ಸಾಮಾನ್ಯವಾಗಿ ಬಿಡಿಸಿ ನೋಡುತ್ತಿರಲಿಲ್ಲ. ಮುಂದೆ ಇಂಥದೇ ರೋಗಿಯೊಬ್ಬ ತೀರಿಕೊಂಡಾಗ ಫಿಶರ್ ಕುತ್ತಿಗೆಯ ರಕ್ತನಾಳವನ್ನು ಪರೀಕ್ಷಿಸಿದರು. ಅದು ಮುಚ್ಚಿಹೋಗಿತ್ತು. ಕ್ಯಾರೊಟಿಡ್ ಮುಚ್ಚುವುದನ್ನು ಅವರಿಗಿಂತ ಮೊದಲೂ ಕೆಲವರು ವರದಿ ಮಾಡಿದ್ದರು. ಆದರೆ ಇದು ಅಪರೂಪದ ಸಂಗತಿಯಲ್ಲ, ಪಾರ್ಶ್ವವಾಯುವಿನ ಒಂದು ಸಾಮಾನ್ಯ ಕಾರಣ ಎಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿದ್ದು 1951ರಲ್ಲಿ ಪ್ರಕಟವಾದ ಅವರ ಲೇಖನ. ಆಗ ಅವರಿಗೆ 37 ವರ್ಷ.

ಇನ್ನೊಂದು ಲಾಭವೂ ಆಯಿತು. ಕೆಲವು ನಿಮಿಷ ಕಣ್ಣು ಮಂಜಾಗಿ ಸರಿಹೋಗುವುದು, ಕೈ ಸೋತು ಮತ್ತೆ ಬಲ ಬರುವುದು ಮುಂತಾದವು ಬರಲಿರುವ ದೊಡ್ಡ ಹೊಡೆತದ ಮುನ್ಸೂಚನೆಗಳು ಎಂಬುದು ತಿಳಿಯಿತು. ಮುನ್ಸೂಚನೆ ಇದೆಯೆಂದರೆ ತಡೆಯಲು ಅವಕಾಶವೂ ಇದೆ.

ಪ್ರಶ್ನೆಗೆ ಉತ್ತರ ಬರಲು ನಲವತ್ತು ವರ್ಷ

ಮುಚ್ಚಿದ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ದಾಟಿಸುವ ಕಾಲ ಬಂದೀತು ಎಂಬ ನಿರೀಕ್ಷೆಯನ್ನು ಫಿಶರ್ 1951ರಲ್ಲೇ ವ್ಯಕ್ತಪಡಿಸಿದ್ದರು. ಮೂರೇ ವರ್ಷದಲ್ಲಿ, 1954ರಲ್ಲಿ, ಲಂಡನ್ನಿನ ವೈದ್ಯರು ಮುನ್ಸೂಚನೆಗಳಿಂದ ಬಳಲುತ್ತಿದ್ದ ಮಹಿಳೆಯೊಬ್ಬರ ಕ್ಯಾರೊಟಿಡ್ ಅಪಧಮನಿಯನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದ ವರದಿ ಪ್ರಕಟವಾಯಿತು. ಆದರೆ ಈ ಶಸ್ತ್ರಚಿಕಿತ್ಸೆಯಿಂದ ಯಾರಿಗೆ ಒಳಿತು, ಯಾರಿಗೆ ಅಪಾಯ? ಕೆನಡಾದ ನರರೋಗ ತಜ್ಞ ಡಾ. ಹೆನ್ರಿ ಬಾರ್ನೆಟ್ ಅವರ ಮುಂದಾಳುತನದಲ್ಲಿ, ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು. ಮುನ್ಸೂಚನೆ ಕಂಡಿದ್ದು, ಅಪಧಮನಿ ನೂರಕ್ಕೆ 70 ಭಾಗಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆ ಖಚಿತವಾಗಿ ಪ್ರಯೋಜನಕಾರಿ ಎಂದು ಅದು ತೋರಿಸಿತು. ಒಬ್ಬ ರೋಗಿಯ ಮಾತಿನಿಂದ ಹೊರಟ ಪ್ರಶ್ನೆಗೆ ಗಟ್ಟಿ ಉತ್ತರ ಸಿಗಲು ನಲವತ್ತು ವರ್ಷ ಬೇಕಾಯಿತು. ವೈದ್ಯವಿಜ್ಞಾನ ನಡೆಯುವ ಬಗೆ ಇದು. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಹುಡುಕುತ್ತಾರೆ.

ಗುರುವಾಗಿ ಫಿಶರ್

1954ರಲ್ಲಿ ಆಡಮ್ಸ್ ಅವರ ಕರೆಯ ಮೇಲೆ ಫಿಶರ್ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಸೇರಿದರು. ಅಲ್ಲಿ ಪಾರ್ಶ್ವವಾಯುವಿಗೆಂದೇ ಒಂದು ವಿಭಾಗ ಕಟ್ಟಿದರು, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಹೃತ್ಕರ್ಣ ಲಯ ತಪ್ಪಿ ಅದುರುವವರಲ್ಲಿ ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹಾರಿ ಪಾರ್ಶ್ವವಾಯು ತರುತ್ತದೆ ಎಂಬುದಕ್ಕೆ ಆಡಮ್ಸ್ ಮತ್ತು ಫಿಶರ್ ಒತ್ತುಕೊಟ್ಟರು. ಇಂದು ಅಂಥವರಿಗೆ ಹೆಪ್ಪುಗಟ್ಟದಂತೆ ಔಷಧ ಕೊಡುತ್ತಾರೆ. 1965ರ ಸುಮಾರಿಗೆ ಅವರು ಮಿದುಳಿನ ಆಳದ ಪುಟ್ಟ ಗುಳಿಗಳ ಬೆನ್ನು ಹತ್ತಿದರು. ಮಿದುಳನ್ನು ತೆಳು ಪದರಗಳಾಗಿ ಕತ್ತರಿಸಿ, ಒಂದೊಂದನ್ನೇ ಸೂಕ್ಷ್ಮದರ್ಶಕದಡಿ ನೋಡಿ, ಕೂದಲೆಳೆಯಂಥ ರಕ್ತನಾಳ ಎಲ್ಲಿ ಮುಚ್ಚಿದೆ ಎಂದು ತೋರಿಸಿದರು. ಅಧಿಕ ರಕ್ತದೊತ್ತಡಕ್ಕೂ ಇಂಥ ಪಾರ್ಶ್ವವಾಯುವಿಗೂ ಇರುವ ನಂಟು ಸ್ಪಷ್ಟವಾಯಿತು.

ಅವರ ಬಳಿ ಕಲಿತ ಲೂಯಿಸ್ ಕ್ಯಾಪ್ಲನ್, ಜೆ. ಪಿ. ಮೊಹ್ರ್ ಮುಂತಾದವರು ಮುಂದೆ ತಾವೇ ದೊಡ್ಡ ಗುರುಗಳಾದರು. ಗುರುಗಳು ಹಾಸಿಗೆಯ ಪಕ್ಕದಲ್ಲಿ ಹೇಳಿಕೊಟ್ಟ ನಿಯಮಗಳನ್ನು ಕ್ಯಾಪ್ಲನ್ 1982ರಲ್ಲಿ ಬರೆದು ಪ್ರಕಟಿಸಿದರು. ನಿವೃತ್ತಿಯ ನಂತರವೂ ಅಧ್ಯಯನ ಬಿಡದ ಫಿಶರ್ 2012ರ ಏಪ್ರಿಲ್‌ನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನೀವು ಈ ದಾರಿ ಹಿಡಿದರೆ

ಈಗ ನಮ್ಮ ನಾಡಿಗೆ ಬರೋಣ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ನೀಟ್ ಪರೀಕ್ಷೆ ಬರೆದು, ಎಂ.ಬಿ.ಬಿ.ಎಸ್. ಸೇರಬೇಕು. ಇದು ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಕಡ್ಡಾಯ ತರಬೇತಿ. ನಂತರ ಸಾಮಾನ್ಯವಾಗಿ ವೈದ್ಯಶಾಸ್ತ್ರದಲ್ಲಿ ಎಂ.ಡಿ., ಮೂರು ವರ್ಷ. ಅದಾದ ಮೇಲೆ ನರರೋಗ ಶಾಸ್ತ್ರದಲ್ಲಿ ಡಿ.ಎಂ., ಮತ್ತೆ ಮೂರು ವರ್ಷ. ಪಾರ್ಶ್ವವಾಯುವಿನಲ್ಲೇ ವಿಶೇಷ ತರಬೇತಿ ಬೇಕೆಂದರೆ ಒಂದೆರಡು ವರ್ಷದ ಫೆಲೋಶಿಪ್. ಒಟ್ಟು ಹನ್ನೆರಡು ವರ್ಷದ ಮೇಲಾಯಿತು! ಬೆಂಗಳೂರಿನ ನಿಮ್ಹಾನ್ಸ್ ನರರೋಗ ಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ದೇಶದಲ್ಲೇ ಹೆಸರಾದ ಸಂಸ್ಥೆ. 1974ರಲ್ಲಿ ಎರಡು ಸಂಸ್ಥೆಗಳನ್ನು ಕೂಡಿಸಿ ಇದನ್ನು ಸ್ಥಾಪಿಸಲಾಯಿತು.

ಬೋಧನೆಯ ವೃತ್ತಿ ಆರಿಸಿಕೊಂಡವರು ಸಹಾಯಕ ಪ್ರಾಧ್ಯಾಪಕರಾಗಿ ಸೇರಿ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂದು ಮೇಲೇರುತ್ತಾರೆ. ಅವರ ಕೆಲಸ ಮೂರು ಬಗೆಯದು: ರೋಗಿಗಳನ್ನು ನೋಡುವುದು, ಕಲಿಸುವುದು, ಸಂಶೋಧನೆ ಮಾಡುವುದು. ಫಿಶರ್ ಬದುಕಿನಲ್ಲಿ ಕಂಡಂತೆ ಈ ಮೂರೂ ಬೇರೆ ಬೇರೆಯಲ್ಲ. ರೋಗಿಯ ಮಾತಿನಿಂದ ಪ್ರಶ್ನೆ ಹುಟ್ಟುತ್ತದೆ, ಸಂಶೋಧನೆ ಉತ್ತರ ಹುಡುಕುತ್ತದೆ, ಕಲಿಸುವುದರಿಂದ ಅದು ನೂರಾರು ಊರುಗಳ ರೋಗಿಗಳಿಗೆ ತಲುಪುತ್ತದೆ.

ವೈದ್ಯರಾಗದಿದ್ದರೂ

ನೀವು ವೈದ್ಯರಾಗದೆ ಹೋದರೂ ಒಂದು ಮಾತು ತಿಳಿದಿರಲಿ. ಹೆಪ್ಪು ಕರಗಿಸುವ ಔಷಧವನ್ನು ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆ ಎಂದು 1995ರಲ್ಲಿ ಸಿದ್ಧವಾಯಿತು. 2008ರ ಪ್ರಯೋಗ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ತೆಳು ನಳಿಕೆ ತೂರಿಸಿ ಹೆಪ್ಪನ್ನೇ ಹೊರಗೆಳೆಯುವ ಚಿಕಿತ್ಸೆಯ ಪ್ರಯೋಜನ 2015ರಲ್ಲಿ ದೃಢಪಟ್ಟಿತು. ಆದರೆ ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಲಾಗಿದೆ. ರೋಗಿ ತಡವಾಗಿ ಬಂದರೆ ಎಂಥ ತಜ್ಞರೂ ಹೆಚ್ಚೇನೂ ಮಾಡಲಾರರು.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹಠಾತ್ತನೆ ಮುಖ ಒಂದು ಕಡೆ ಜೋತರೆ, ಒಂದು ಕೈ ಸೋತು ಕೆಳಗಿಳಿದರೆ, ಮಾತು ತೊದಲಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಎಣ್ಣೆ ತಿಕ್ಕುತ್ತಾ ಕೂರಬೇಡಿ. ತೊಂದರೆ ಶುರುವಾದ ಸಮಯ ಬರೆದಿಟ್ಟುಕೊಳ್ಳಿ, 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ಕೆಲವೇ ನಿಮಿಷದಲ್ಲಿ ಸರಿಹೋದರೂ ಅಂದೇ ವೈದ್ಯರಿಗೆ ತೋರಿಸಿ.

ಅಲ್ಲಿ ವೈದ್ಯರು ನಿಮ್ಮನ್ನು ಮೊದಲು ಕೇಳುವುದು, ಯಾವಾಗ ಶುರುವಾಯಿತು, ಹೇಗೆ ಶುರುವಾಯಿತು ಎಂದು. ನೀವು ಕಂಡದ್ದನ್ನು ಕಂಡ ಹಾಗೆಯೇ ಹೇಳಿ. ಆ ಮಾತಿನಲ್ಲೇ ಅವರಿಗೆ ಬೇಕಾದ ಸುಳಿವು ಇರಬಹುದು.